ಹಡಗಿನ ಹೊಟ್ಟೆಯಲ್ಲಿ ಕೂರುವ ಟರ್ಬೈನ್

ಹನ್ನೆರಡು ವರ್ಷ ನಾನು ಸಕ್ಕರೆ ಕಾರ್ಖಾನೆಗಳಿಗೆ ಟರ್ಬೈನ್ ವಿನ್ಯಾಸ ಮಾಡಿದವನು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಸಿಪ್ಪೆ ಉರಿಸಿ ಹಬೆ ಮಾಡುತ್ತಾರೆ. ಆ ಹಬೆ ಟರ್ಬೈನ್ ತಿರುಗಿಸಿ ಕರೆಂಟ್ ಕೊಡುತ್ತದೆ. ಅಲ್ಲಿ ಜಾಗಕ್ಕೆ ಬರ ಇಲ್ಲ. ಬೇರಿಂಗಿಗೆ ಹೋಗುವ ಎಣ್ಣೆಯ ಟ್ಯಾಂಕ್ ಒಂದು ಮೂಲೆಗೆ, ಕೆಲಸ ಮುಗಿಸಿದ ಹಬೆಯನ್ನು ತಣಿಸಿ ನೀರು ಮಾಡುವ ಕಂಡೆನ್ಸರ್ ಕೆಳಗಿನ ಅಂತಸ್ತಿಗೆ, ತಲೆ ಮೇಲೆ ಓಡಾಡುವ ಕ್ರೇನ್. ಏನಾದರೂ ಕೆಟ್ಟರೆ ರಾತ್ರಿ ಫೋನ್ ಬರುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಧೋಳ. ಕೈಯಲ್ಲಿ ಬೇರಿಂಗ್ ಡಬ್ಬಿ, ಜೊತೆಗೆ ಒಬ್ಬ ಫಿಟ್ಟರ್. ಸಂಜೆಗೆ ಮೆಷಿನ್ ಮತ್ತೆ ಓಡುತ್ತದೆ.

ಆಮೇಲೆ ನಮ್ಮ ಬೆಂಗಳೂರಿನ ಕಾರ್ಖಾನೆಗೆ ಹಡಗಿನ ಕೆಲಸ ಬಂತು.

ಅದೊಂದು ಸರಕು ಹಡಗು. ಅದರ ಮುಖ್ಯ ಡೀಸೆಲ್ ಎಂಜಿನ್ ಮೂರಂತಸ್ತಿನ ಮನೆಯಷ್ಟು ಎತ್ತರ. ಇಂಥ ಎಂಜಿನ್ ಇಂಧನದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಪ್ರೊಪೆಲ್ಲರ್‌ಗೆ ತಲುಪಿಸುತ್ತದೆ. ಸುಮಾರು ಕಾಲು ಭಾಗ ಬಿಸಿ ಹೊಗೆಯಾಗಿ ಚಿಮಣಿಯಿಂದ ಹೊರಗೆ ಹೋಗುತ್ತದೆ. ಆ ಹೊಗೆಯ ದಾರಿಯಲ್ಲಿ ಬಾಯ್ಲರ್ ಇಟ್ಟು, ಬಂದ ಹಬೆಯಿಂದ 1 ಮೆಗಾವಾಟ್ ಕರೆಂಟ್ ತೆಗೆಯಬೇಕು. ಹಾಗೆ ಮಾಡಿದರೆ ನಡುಸಮುದ್ರದಲ್ಲಿ ಒಂದು ಡೀಸೆಲ್ ಜನರೇಟರ್ ನಿಲ್ಲಿಸಬಹುದು. ಇಂಧನದ ಖರ್ಚು ಅಷ್ಟು ಉಳಿಯಿತು, ಅಲ್ವಾ? ಕೇಳಲು ಸಲೀಸಾಗಿತ್ತು. ನಮಗೆ ಕೊಟ್ಟ ಜಾಗ ಮಾತ್ರ 6 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ, 3 ಮೀಟರ್ ಎತ್ತರ. ಟರ್ಬೈನ್, ಗೇರ್‌ಬಾಕ್ಸ್, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್, ಎಣ್ಣೆ ಟ್ಯಾಂಕ್, ಕಂಡೆನ್ಸರ್ ಎಲ್ಲವೂ ಅದರೊಳಗೇ ಇರಬೇಕು. ಇಡೀ ಕಟ್ಟು ಒಂದೇ ಬೇಸ್‌ಫ್ರೇಮ್ ಮೇಲೆ ನಿಂತು, ಒಂದೇ ಸಲಕ್ಕೆ ಎತ್ತಿ ಇಳಿಸುವಂತಿರಬೇಕು.

ಮೊದಲ ಪೆಟ್ಟು ಬಿದ್ದದ್ದು ಸಮುದ್ರದ ನೀರಿನಿಂದ. 7 ಬಾರ್ ಒತ್ತಡ, 250 ಡಿಗ್ರಿ ಬಿಸಿಯ ಹಬೆ ನಮಗೆ ಸಿಗುತ್ತಿತ್ತು (ನಮ್ಮ ಸುತ್ತಲಿನ ಗಾಳಿಯ ಒತ್ತಡ ಹೆಚ್ಚುಕಡಿಮೆ 1 ಬಾರ್). ನಾನು ಕಂಡೆನ್ಸರ್‌ನ ವ್ಯಾಕ್ಯೂಮ್, ಅಂದರೆ ಅದರೊಳಗೆ ಉಳಿಯುವ ಒತ್ತಡ, 0.07 ಬಾರ್ ಎಂದು ಹಿಡಿದು ಲೆಕ್ಕ ಶುರು ಮಾಡಿದ್ದೆ. ನೋಡಿದ ಹಳೆಯ ಉದಾಹರಣೆಗಳೆಲ್ಲ ತಣ್ಣನೆಯ ಸಮುದ್ರದವು. ನೀರು 24 ಡಿಗ್ರಿ ಇದ್ದರೆ ಆ ವ್ಯಾಕ್ಯೂಮ್ ಸುಲಭವಾಗಿ ಸಿಗುತ್ತದೆ. ಹಡಗಿನ ಯಂತ್ರಗಳು ನಿಯಮದ ಪ್ರಕಾರ ಇವೆಯೇ ಎಂದು ಪರೀಕ್ಷಿಸುವ ಸರ್ವೇಯರ್ ಡ್ರಾಯಿಂಗ್ ನೋಡಿ ಮೊದಲ ಪುಟದಲ್ಲೇ ಕೆಂಪು ಗುರುತು ಹಾಕಿದರು. ಎಲ್ಲ ಸಮುದ್ರಗಳಲ್ಲೂ ಓಡುವ ಹಡಗಿನ ಯಂತ್ರಕ್ಕೆ ನೀರು 32 ಡಿಗ್ರಿ, ಎಂಜಿನ್ ರೂಮಿನ ಗಾಳಿ 45 ಡಿಗ್ರಿ ಎಂದು ಹಿಡಿಯಬೇಕು. ಅದು ನಿಯಮ. 0.07 ಬಾರ್‌ನಲ್ಲಿ ಹಬೆ ನೀರಾಗುವುದು 39 ಡಿಗ್ರಿಯಲ್ಲಿ. 32ರ ನೀರಿನಿಂದ ಅದನ್ನು ತಣಿಸಬೇಕಾದರೆ ನಡುವೆ ಉಳಿಯುವುದು ಬರೀ 7 ಡಿಗ್ರಿ. ಲೆಕ್ಕ ಹಾಕಿದರೆ ಕಂಡೆನ್ಸರ್ ಒಂದೇ ನಮಗೆ ಕೊಟ್ಟ ಜಾಗದ ಮುಕ್ಕಾಲು ತಿನ್ನುತ್ತಿತ್ತು.

ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಹಟ ಬಿಟ್ಟು ವ್ಯಾಕ್ಯೂಮ್ ಸಡಿಲ ಮಾಡಿದರೆ ಏನಾಗುತ್ತದೆ ಅಂತ ನೋಡಿದೆ. 0.1 ಬಾರ್. ಈಗ ಹಬೆ ನೀರಾಗುವುದು ಸುಮಾರು 46 ಡಿಗ್ರಿಯಲ್ಲಿ. ಒಂದು ಕಿಲೋ ಹಬೆಯಿಂದ ಹೆಚ್ಚೆಂದರೆ ಸಿಗಬಹುದಾಗಿದ್ದ ಕೆಲಸ 747 ಕಿಲೋಜೂಲ್‌ನಿಂದ 702ಕ್ಕೆ ಇಳಿಯಿತು. ನೂರಕ್ಕೆ ಆರು ಪಾಲು ನಷ್ಟ. ಗಂಟೆಗೆ ಸುಮಾರು ಅರ್ಧ ಟನ್ ಹಬೆ ಜಾಸ್ತಿ ಬೇಕು. ಸಕ್ಕರೆ ಕಾರ್ಖಾನೆಯ ಗಿರಾಕಿಗೆ ಇದನ್ನು ತೋರಿಸಿದರೆ ಎದ್ದು ಹೋಗುತ್ತಾರೆ. ಆದರೆ ಇನ್ನೊಂದು ಕಡೆ ನೋಡಿ. ಕಂಡೆನ್ಸರ್ ಕೊಳವೆಗಳ ವಿಸ್ತೀರ್ಣ ಸುಮಾರು ಅರ್ಧಕ್ಕೆ ಇಳಿಯಿತು. ಸಮುದ್ರದ ನೀರಿನ ಪಂಪ್ ಚಿಕ್ಕದಾಯಿತು. ಟರ್ಬೈನ್‌ನಿಂದ ಹೊರಬರುವ ಹಬೆಯ ಗಾತ್ರ ಕಾಲು ಭಾಗದಷ್ಟು ಕಡಿಮೆಯಾಗಿ, ಕೊನೆಯ ಸಾಲಿನ ಬ್ಲೇಡ್ 14 ಸೆಂಟಿಮೀಟರ್‌ನಿಂದ 11ಕ್ಕೆ ಬಂತು. ಅಂದರೆ ಅರ್ಧ ಗೇಣು. ಗಿಡ್ಡ ಬ್ಲೇಡ್ ಅಂದರೆ ಗಟ್ಟಿ ಬ್ಲೇಡ್. ಹಬೆಯಲ್ಲಿನ ನೀರಿನ ಹನಿಯೂ ಸ್ವಲ್ಪ ಕಡಿಮೆ, ಹಾಗಾಗಿ ಬ್ಲೇಡಿನ ಅಂಚು ಸವೆಯುವುದೂ ಕಡಿಮೆ.

ಆ ದಿನ ನನಗೆ ಒಂದು ವಿಷಯ ಸರಿಯಾಗಿ ಅರ್ಥವಾಯಿತು. ನೆಲದ ಮೇಲಿನವರು ಕೇಳುವುದು ಒಂದು ಟನ್ ಹಬೆಗೆ ಎಷ್ಟು ಯೂನಿಟ್ ಅಂತ. ಹಡಗಿನವರು ಕೇಳುವುದು ಎಷ್ಟು ಜಾಗ, ಎಷ್ಟು ಕೈ ಅಂತ. ನಾನು ಅಲ್ಲಿಯವರೆಗೆ ಮೊದಲನೆಯ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೆ.

ಮುಂದಿನ ತೀರ್ಮಾನಗಳೆಲ್ಲ ಇದರಿಂದಲೇ ಹುಟ್ಟಿದವು. ರಿಯಾಕ್ಷನ್ ಬ್ಲೇಡ್ (ತಿರುಗುವ ಬ್ಲೇಡ್‌ಗಳ ನಡುವೆಯೂ ಹಬೆ ಹಿಗ್ಗುವ ಬಗೆ) ಹಾಕಿದರೆ ದಕ್ಷತೆ ತುಸು ಜಾಸ್ತಿ. ಆದರೆ ಸಾಲುಗಳು ಜಾಸ್ತಿ, ತಿರುಗುವ ಭಾಗವಾದ ರೋಟರ್ ಉದ್ದ, ಬ್ಲೇಡ್ ತುದಿಯ ಸಂದು ಬಹಳ ಸಣ್ಣದು. ಹಡಗಿನ ಮೈ ಅಲೆಯಲ್ಲಿ ಬಾಗುತ್ತದೆ, ಬೇಸ್‌ಫ್ರೇಮ್ ಅದರ ಜೊತೆ ಎಳೆಯಲ್ಪಡುತ್ತದೆ. ಸಣ್ಣ ಸಂದು ಇದ್ದರೆ ತಾಗುತ್ತದೆ. ಅದಕ್ಕೇ ಇಂಪಲ್ಸ್ (ನಾಜಲ್ ಎಂಬ ಕಿರುಬಾಯಿಯಿಂದ ಚಿಮ್ಮಿದ ಹಬೆ ಬ್ಲೇಡಿಗೆ ಬಡಿಯುವ ಬಗೆ) ಸಾಲು ಐದೇ ಐದು, ಗಿಡ್ಡ ದಪ್ಪ ರೋಟರ್, ಸಂದು ಧಾರಾಳ. ಬೇಸ್‌ಫ್ರೇಮನ್ನು ನಾಲ್ಕು ಮೂಲೆಯಲ್ಲಿ ಬೋಲ್ಟ್ ಮಾಡದೆ ಮೂರು ಕಡೆ ಮಾತ್ರ ಕೂರಿಸಿದೆವು. ನಾಲ್ಕು ಕಾಲಿನ ಮೇಜು ಸಮವಿಲ್ಲದ ನೆಲದ ಮೇಲೆ ಕುಂಟುತ್ತದೆ. ಮೂರು ಕಾಲಿನ ಸ್ಟೂಲ್ ಎಲ್ಲಿಟ್ಟರೂ ನಿಲ್ಲುತ್ತದೆ, ತಾನು ತಿರುಚಿಕೊಳ್ಳುವುದಿಲ್ಲ.

ವೇಗ ಸುಮಾರು 10,000 ಆರ್‌ಪಿಎಂ ಇಟ್ಟುಕೊಂಡೆವು. ಹಡಗಿನ ಕರೆಂಟ್ 60 ಹರ್ಟ್ಸ್. ನಾಲ್ಕು ಧ್ರುವದ ಆಲ್ಟರ್ನೇಟರ್ 1800ರಲ್ಲಿ ತಿರುಗಬೇಕು, ನಡುವೆ ಗೇರ್‌ಬಾಕ್ಸ್. ವೇಗ ಜಾಸ್ತಿಯಾದಷ್ಟೂ ಟರ್ಬೈನ್ ಚಿಕ್ಕದಾಗುತ್ತದೆ. ಇದು ಹೊಸ ಮಾತಲ್ಲ. ಚಾರ್ಲ್ಸ್ ಪಾರ್ಸನ್ಸ್ 1884ರಲ್ಲಿ ಮಾಡಿದ ಮೊದಲ ಟರ್ಬೈನ್ ಜನರೇಟರ್ ನಿಮಿಷಕ್ಕೆ 18,000 ಸುತ್ತು ತಿರುಗಿ ಕೊಡುತ್ತಿದ್ದದ್ದು ಏಳೂವರೆ ಕಿಲೋವಾಟ್. ಅವರ ಆ ಕಾಲದ ಪುಟ್ಟ ಯಂತ್ರಗಳಲ್ಲಿ ಎಷ್ಟೋ ಹೋಗಿದ್ದು ಹಡಗುಗಳಿಗೇ, ದೀಪ ಉರಿಸಲಿಕ್ಕೆ. ಟರ್ಬೈನ್ ಜನರೇಟರ್ ಹುಟ್ಟಿದ ಕಾಲದಿಂದಲೂ ಅದಕ್ಕೆ ಹಡಗು ಪರಿಚಯದ ಜಾಗ ಅನ್ನುವುದು ನನಗೆ ಖುಷಿ ಕೊಡುವ ವಿಷಯ.

ಗೇರ್‌ಬಾಕ್ಸ್ ಬೇಡ, ಎಣ್ಣೆಯೂ ಬೇಡ, ಕಾಂತದ ಬೇರಿಂಗ್ ಹಾಕಿ ಅದೇ ವೇಗದಲ್ಲಿ ಜನರೇಟರ್ ತಿರುಗಿಸೋಣ ಎಂದು ನಮ್ಮ ತಂಡದ ಹುಡುಗರು ಹೇಳಿದರು. ಒಳ್ಳೆಯ ಯೋಚನೆ. ಜಾಗ ಇನ್ನೂ ಉಳಿಯುತ್ತಿತ್ತು. ಆದರೆ ಅದರ ಪ್ರಾಣ ಇರುವುದು ಎಲೆಕ್ಟ್ರಾನಿಕ್ ಕಾರ್ಡ್‌ಗಳಲ್ಲಿ. ನಡುಸಮುದ್ರದಲ್ಲಿ ಕಾರ್ಡ್ ಕೆಟ್ಟರೆ ರಿಪೇರಿ ಮಾಡುವವರು ಯಾರು? ಎಣ್ಣೆಯ ಬೇರಿಂಗ್ ಆದರೆ ಹಡಗಿನ ಯಾವ ಎಂಜಿನಿಯರ್ ಬೇಕಾದರೂ ಬಿಚ್ಚಿ ಕಟ್ಟುತ್ತಾರೆ. ಈ ಗಾತ್ರಕ್ಕೆ, ಈ ಹಡಗಿಗೆ ಎಣ್ಣೆಯೇ ಸರಿ ಅನ್ನುವ ಮಾತಿಗೆ ನಾನು ಅಂಟಿಕೊಂಡೆ. ಈಗಲೂ ಹಾಗೇ ಅನ್ನಿಸುತ್ತದೆ.

ಎಣ್ಣೆ ಅಂದೆನಲ್ಲ, ಆರು ತಿಂಗಳು ನಮ್ಮನ್ನು ಆಡಿಸಿದ್ದು ಅದೇ.

ಹಡಗು ಒಂದು ಪಕ್ಕಕ್ಕೆ 15 ಡಿಗ್ರಿ ವಾಲಿ ನಿಂತರೂ ಯಂತ್ರ ಓಡಬೇಕು. ಆ ಕಡೆ ಈ ಕಡೆ 22.5 ಡಿಗ್ರಿವರೆಗೆ ಹೊಯ್ದಾಡಿದರೂ ಓಡಬೇಕು. ಮುಂದೆ ಹಿಂದೆ ಏರಿಳಿತ 7.5 ಡಿಗ್ರಿ. ಈ ಅಂಕಿಗಳನ್ನು ಓದಿದಾಗ ನನ್ನ ಕಣ್ಣು ಮೊದಲು ಹೋದದ್ದು ಬೇರಿಂಗ್‌ನಿಂದ ಟ್ಯಾಂಕಿಗೆ ಎಣ್ಣೆ ವಾಪಸ್ ಬರುವ ಪೈಪಿಗೆ. ಆ ಪೈಪಿನಲ್ಲಿ ಪಂಪ್ ಇಲ್ಲ. ಎಣ್ಣೆ ತಾನಾಗಿ ಇಳಿಜಾರಿನಲ್ಲಿ ಹರಿದು ಬರಬೇಕು. ನಾವು ನೆಲದ ಮೇಲೆ ಕೊಡುವ ಇಳಿಜಾರು ಮೀಟರಿಗೆ 40 ಮಿಲಿಮೀಟರ್. ಕೋನದಲ್ಲಿ ಹೇಳಿದರೆ ಎರಡೂಕಾಲು ಡಿಗ್ರಿ. ಹಡಗು 15 ಡಿಗ್ರಿ ವಾಲಿದರೆ ಅಡ್ಡಕ್ಕೆ ಹೋದ ಪೈಪಿನಲ್ಲಿ ಎಣ್ಣೆ ಉಲ್ಟಾ ಹರಿಯುತ್ತದೆ. ಬೇರಿಂಗ್ ಪೆಟ್ಟಿಗೆ ತುಂಬುತ್ತದೆ. ತುಂಬಿದ ಎಣ್ಣೆ ಶಾಫ್ಟಿನ ಪಕ್ಕದಿಂದ ಉಕ್ಕಿ, 250 ಡಿಗ್ರಿ ಬಿಸಿಯ ಕೇಸಿಂಗ್ ಕಡೆ ಹೋಗುತ್ತದೆ. ಹಡಗಿನಲ್ಲಿ ಬೆಂಕಿ ಅಂದರೆ ಓಡಿಹೋಗಲು ಜಾಗ ಇಲ್ಲ. ಈ ಒಂದು ಪೈಪು ನನ್ನ ನಿದ್ದೆ ಕೆಡಿಸಿತ್ತು.

ನಮ್ಮಲ್ಲಿ ಒಬ್ಬರು ಹಿರಿಯ ಫಿಟ್ಟರ್ ಇದ್ದರು. ಎಲ್ಲರಿಗೂ ಅವರು ಅಣ್ಣ. ಕಂಪ್ಯೂಟರಿನಲ್ಲಿ ಎಣ್ಣೆ ಅಲ್ಲಾಡುವ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಸಾರ್, ಇದನ್ನ ಕಣ್ಣಲ್ಲಿ ನೋಡ್ಬೇಕು. ಒಂದು ವಾರ ಕೊಡಿ" ಅಂದರು. ಆ್ಯಂಗಲ್ ಕಬ್ಬಿಣದಲ್ಲಿ ಒಂದು ಚೌಕಟ್ಟು ಮಾಡಿದರು. ಮಧ್ಯದಲ್ಲಿ ಕೀಲು. ಅದರ ಮೇಲೆ ಅಕ್ರಿಲಿಕ್ ಹಾಳೆಯ ಟ್ಯಾಂಕ್, ನಿಜವಾದದ್ದರ ಕಾಲು ಅಳತೆಯದು. ಪಕ್ಕದಲ್ಲಿ ಬಿಳಿ ಪೇಂಟಿನಲ್ಲಿ ಡಿಗ್ರಿ ಗೆರೆಗಳು. ಒಂದು ಸಣ್ಣ ಪಂಪ್, ಒಂದು ಗಾಜಿನ ಪೈಪ್. ಎಣ್ಣೆ ತುಂಬಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು, ತೊಟ್ಟಿಲು ತೂಗಿದ ಹಾಗೆ ತೂಗಿದೆವು.

ಹತ್ತು ಡಿಗ್ರಿವರೆಗೆ ಎಲ್ಲ ಸರಿ. ಹದಿನೈದು ದಾಟುತ್ತಿದ್ದ ಹಾಗೆ ಎಣ್ಣೆ ಒಂದು ಗೋಡೆಗೆ ಹೋಗಿ ರಾಶಿಯಾಯಿತು. ಪಂಪಿನ ಬಾಯಿ ಬರಿದಾಯಿತು. ಗಾಜಿನ ಪೈಪಿನಲ್ಲಿ ಮೊದಲು ಒಂದು ಗುಳ್ಳೆ, ಆಮೇಲೆ ಗುಳ್ಳೆಗಳ ಸಾಲು, ಆಮೇಲೆ ಬರೀ ಬಿಳಿ ನೊರೆ. ಪಂಪಿನ ಸದ್ದು ಬದಲಾಯಿತು. 10,000 ಸುತ್ತಿನಲ್ಲಿ ತಿರುಗುವ ಶಾಫ್ಟಿನ ಕೆಳಗೆ ಎಣ್ಣೆಯ ಬದಲು ಆ ನೊರೆ ಹೋದರೆ ಬೇರಿಂಗಿನ ಒಳಪದರದ ಮೆತ್ತನೆ ಲೋಹ, ವೈಟ್ ಮೆಟಲ್, ಕೆಲವೇ ಕ್ಷಣದಲ್ಲಿ ಕರಗುತ್ತದೆ. ಯಾರೂ ಏನೂ ಮಾತಾಡಲಿಲ್ಲ. ಅಣ್ಣ ಪಂಪ್ ಆಫ್ ಮಾಡಿ, ಟ್ಯಾಂಕಿನ ತಳದ ಮಧ್ಯೆ ಬೆರಳಿಟ್ಟು, "ಇಲ್ಲೊಂದು ಬಾವಿ ತೋಡ್ಬೇಕು ಸಾರ್" ಅಂದರು.

ಅದೇ ಆಯಿತು. ತಳದ ನಡುವೆ ಒಂದು ಆಳವಾದ ಗುಂಡಿ, ಪಂಪಿನ ಬಾಯಿ ಅದರೊಳಗೆ. ಸುತ್ತ ಅಡ್ಡಗೋಡೆಗಳು. ಗೋಡೆಗಳಲ್ಲಿ ಒಂದೇ ಕಡೆಗೆ ತೆರೆಯುವ ತಗಡಿನ ಬಾಗಿಲು. ಎಣ್ಣೆ ಬಾವಿಯ ಕಡೆ ಬರಬಹುದು, ವಾಪಸ್ ಹೋಗುವ ಹಾಗಿಲ್ಲ. ಅಗಲವಾಗಿದ್ದ ಟ್ಯಾಂಕನ್ನು ಕಿರಿದು ಮಾಡಿ ಆಳ ಹೆಚ್ಚಿಸಿದೆವು. ಬೇರಿಂಗ್ ಪೆಟ್ಟಿಗೆಗೆ ಎರಡೂ ಪಕ್ಕದಲ್ಲಿ ಒಂದೊಂದು ವಾಪಸ್ ಪೈಪ್ ಕೊಟ್ಟೆವು. ಹಡಗು ಯಾವ ಕಡೆ ವಾಲಿದರೂ ಒಂದು ಪೈಪ್ ತಗ್ಗಿನಲ್ಲೇ ಇರುತ್ತದೆ. ಪೈಪುಗಳನ್ನು ಅಡ್ಡ ಓಡಿಸದೆ ಆದಷ್ಟು ನೇರ ಕೆಳಕ್ಕೆ ಇಳಿಸಿದೆವು. ರೋಟರನ್ನು ಹಡಗಿನ ಉದ್ದಕ್ಕೇ ಇಟ್ಟೆವು. ಹಡಗು ಅತಿ ಹೆಚ್ಚು ಹೊಯ್ದಾಡುವುದು ಪಕ್ಕಕ್ಕೆ. ಆ ಹೊಯ್ದಾಟ ರೋಟರಿನ ಅಕ್ಷದ ಸುತ್ತಲೇ ಆಗುವುದರಿಂದ ಬೇರಿಂಗ್ ಮೇಲೆ ಬುಗುರಿಯ ತಿರುಚು (ತಿರುಗುವ ವಸ್ತುವಿನ ಅಕ್ಷವನ್ನು ವಾಲಿಸಿದಾಗ ಬರುವ ಬಲ) ಬೀಳುವುದಿಲ್ಲ. ಮತ್ತೆ ತೂಗಿದೆವು. 22.5 ಡಿಗ್ರಿ. ಗಾಜಿನ ಪೈಪಿನಲ್ಲಿ ಜೇನಿನ ಬಣ್ಣ ಬಿಟ್ಟರೆ ಬೇರೇನೂ ಇಲ್ಲ.

ಹಡಗಿನ ಚೀಫ್ ಎಂಜಿನಿಯರ್ ಮೂಲ್ಕಿ ಕಡೆಯವರು. ರಜೆಯಲ್ಲಿ ಊರಿಗೆ ಬಂದವರು ಒಂದು ದಿನ ಕಾರ್ಖಾನೆಗೂ ಬಂದರು. ಡ್ರಾಯಿಂಗ್ ಹರಡಿದೆ. ಬಹಳ ಹೊತ್ತು ನೋಡಿದರು.

"ಚಂದ ಉಂಟು ಮಾರಾಯ್ರೇ. ಆದ್ರೆ ಈ ಫಿಲ್ಟರ್ ತೆಗಿಲಿಕ್ಕೆ ನನ್ನ ಕೈ ಎಲ್ಲಿಂದ ಹೋಗ್ಬೇಕು?"

"ಸರ್, ಈ ಪೈಪ್ ಬಿಚ್ಚಿದರೆ ಹೋಗುತ್ತೆ."

"ಪೈಪ್ ಬಿಚ್ಚುವುದು ಯಾರು? ಎಂಜಿನ್ ರೂಮಿನಲ್ಲಿ ನಾವು ಇರುವುದೇ ಏಳೆಂಟು ಜನ. ರಾತ್ರಿ ಒಬ್ಬ. ಅವನಿಗೆ ಮೇನ್ ಎಂಜಿನ್ ಉಂಟು, ಬಾಯ್ಲರ್ ಉಂಟು, ಪ್ಯೂರಿಫೈಯರ್ ಉಂಟು. ನಿಮ್ಮ ಟರ್ಬೈನ್ ಹತ್ರ ಅವನು ದಿನಕ್ಕೆ ಹತ್ತು ನಿಮಿಷ ನಿಲ್ತಾನೆ."

ಆ ಹತ್ತು ನಿಮಿಷವನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಮರುದಿನ ಪ್ಲೈವುಡ್ ತರಿಸಿ ಇಡೀ ಯಂತ್ರದ ನಿಜವಾದ ಅಳತೆಯ ಮಾದರಿ ಮಾಡಿಸಿದೆವು. ಚೀಫ್ ಬೂಟು, ಕೈಗವಸು ಹಾಕಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದು ಅದರ ಸುತ್ತ ತೆವಳಿದರು. ಎಲ್ಲೆಲ್ಲಿ ಮೊಣಕೈ ತಾಗಿತೋ ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಅಡ್ಡಗೆರೆ. ಹತ್ತೊಂಬತ್ತು ಗೆರೆ ಬಿತ್ತು. ಫಿಲ್ಟರ್‌ಗಳು ಮುಂದಿನ ಪಕ್ಕಕ್ಕೆ ಬಂದವು. ಎರಡು ಫಿಲ್ಟರ್, ನಡುವೆ ಒಂದು ಹಿಡಿಕೆ. ಯಂತ್ರ ಓಡುತ್ತಿರುವಾಗಲೇ ಒಂದನ್ನು ತೆಗೆದು ತೊಳೆಯಬಹುದು. ಬೇರಿಂಗಿನ ಮುಚ್ಚಳ ಟರ್ಬೈನ್ ಕೇಸಿಂಗ್ ಮುಟ್ಟದೆ ಬಿಚ್ಚುವಂತಾಯಿತು. ಮೇಲೆ ಚೈನ್ ಬ್ಲಾಕ್ ನೇತುಹಾಕಲು ಕೊಂಡಿ. ಬ್ಲೇಡ್ ನೋಡಬೇಕಾದರೆ ಕೇಸಿಂಗ್ ಎತ್ತಬೇಕಿಲ್ಲ, ಕ್ಯಾಮೆರಾ ಕೊಳವೆ ತೂರಿಸಲು ಪ್ಲಗ್ ಇರುವ ತೂತುಗಳಿವೆ. ಬೋಲ್ಟ್ ಅಳತೆಗಳನ್ನು ಆದಷ್ಟು ನಾಲ್ಕಕ್ಕೆ ಇಳಿಸಿದೆವು.

ಚೀಫ್ ಹೇಳಿದ ಇನ್ನೊಂದು ಮಾತು ಎಣ್ಣೆಗೆ ನೀರು ಸೇರುವ ಬಗ್ಗೆ. ಶಾಫ್ಟ್ ಕೇಸಿಂಗ್‌ನಿಂದ ಹೊರಬರುವ ಗ್ಲ್ಯಾಂಡಿನಲ್ಲಿ ಸ್ವಲ್ಪ ಹಬೆ ಸೋರುತ್ತದೆ. ಪಕ್ಕದಲ್ಲೇ ಬೇರಿಂಗ್. ಹಬೆ ಒಳಗೆ ಹೋಗಿ ನೀರಾಗಿ ಎಣ್ಣೆಯನ್ನು ಹಾಳು ಮಾಡುತ್ತದೆ. ಯಂತ್ರ ಗಿಡ್ಡ ಮಾಡುವ ಆಸೆಯಲ್ಲಿ ನಾವು ಗ್ಲ್ಯಾಂಡ್ ಮತ್ತು ಬೇರಿಂಗ್ ಎರಡನ್ನೂ ಒತ್ತೊತ್ತಿಗೆ ಇಟ್ಟಿದ್ದೆವು. ನಡುವೆ ಒಂದು ಅಂಗೈ ಅಗಲ ಜಾಗ ಬಿಟ್ಟೆವು. ಬೇರಿಂಗಿನ ಸೀಲಿಗೆ ಸ್ವಲ್ಪ ಒಣಗಾಳಿ ಕೊಟ್ಟೆವು. ಗ್ಲ್ಯಾಂಡಿನ ಹಬೆ ಎಳೆದುಕೊಳ್ಳಲು ಸಣ್ಣ ಕಂಡೆನ್ಸರ್ ಇಟ್ಟೆವು. ಅಷ್ಟಾದರೂ ಸೇರುವ ನೀರನ್ನು ಹಡಗಿನ ಪ್ಯೂರಿಫೈಯರ್ ಎಣ್ಣೆಯನ್ನು ಗಿರಗಿರ ತಿರುಗಿಸಿ ತೆಗೆಯುತ್ತದೆ. ಆ ಪ್ಯೂರಿಫೈಯರ್ ಹಾಲಿನ ಕೆನೆ ತೆಗೆಯುವ ಯಂತ್ರದ ವಂಶದ್ದು. ಸ್ವೀಡನ್ನಿನ ಗುಸ್ತಾಫ್ ಡಿ ಲಾವಲ್ ತಮ್ಮ ಕೆನೆ ಯಂತ್ರವನ್ನು ತಿರುಗಿಸಲೆಂದೇ 1880ರ ದಶಕದಲ್ಲಿ ಇಂಪಲ್ಸ್ ಟರ್ಬೈನ್ ಕಟ್ಟಿದರು. ನಮ್ಮ ಐದು ಸಾಲುಗಳೂ ಅದೇ ತತ್ವದವು. ಒಂದೇ ಮನೆಯ ಎರಡು ಕೂಸುಗಳು ಹಡಗಿನಲ್ಲಿ ಅಕ್ಕಪಕ್ಕ ಇವೆ.

ಕಂಡೆನ್ಸರಿಗೆ ಟೈಟಾನಿಯಂ ಕೊಳವೆ ಹಾಕಿದೆವು. ಬೆಲೆ ಜಾಸ್ತಿ. ಆದರೆ ಬಂದರಿನ ಕೊಳಕು ನೀರು ತಾಮ್ರದ ಮಿಶ್ರಲೋಹವನ್ನು ತಿನ್ನುತ್ತದೆ, ಟೈಟಾನಿಯಂ ಅನ್ನು ಮುಟ್ಟುವುದಿಲ್ಲ. ಒಂದು ಕೊಳವೆ ತೂತಾದರೂ ಉಪ್ಪು ಬಾಯ್ಲರಿಗೆ ಹೋಗುತ್ತದೆ, ಅಲ್ಲಿಂದ ಬ್ಲೇಡಿಗೆ. ಇಲ್ಲಿ ಹಣ ಉಳಿಸುವುದು ತಪ್ಪು.

ಬ್ಲೇಡಿನ ಕಂಪನದ ಲೆಕ್ಕ ನಾನು ಮೂರು ಸಲ ಮಾಡಿಸಿದೆ. ಪ್ರತಿ ಬ್ಲೇಡಿಗೂ ತನ್ನದೇ ಆದ ಸ್ವರ ಇರುತ್ತದೆ. ನಾಜಲ್‌ಗಳಿಂದ ಬರುವ ಹಬೆಯ ಹೊಡೆತ ಆ ಸ್ವರಕ್ಕೆ ಸೇರಿದರೆ ಬ್ಲೇಡ್ ಮುರಿಯುತ್ತದೆ. ಕ್ವೀನ್ ಎಲಿಜಬೆತ್ 2 ಎಂಬ ಬ್ರಿಟನ್ನಿನ ಪ್ರಯಾಣಿಕರ ಹಡಗಿಗೆ 1968ರ ಡಿಸೆಂಬರಿನಲ್ಲಿ ಪರೀಕ್ಷಾ ಯಾನದಲ್ಲಿ ಆದದ್ದು ಇದೇ. ಬ್ಲೇಡ್‌ಗಳು ಹಾಳಾಗಿ, ಮೊದಲ ಪ್ರಯಾಣ 1969ರ ಮೇವರೆಗೆ ಮುಂದೆ ಹೋಯಿತು. ಪ್ರೊಪೆಲ್ಲರ್ ತಿರುಗಿಸುವ ಟರ್ಬೈನ್ ಎಲ್ಲ ವೇಗದಲ್ಲೂ ಓಡಬೇಕು. ನಮ್ಮದು ಜನರೇಟರ್, ಒಂದೇ ವೇಗ. ಆ ವೇಗದ ಹತ್ತಿರ ಯಾವ ಸ್ವರವೂ ಸುಳಿಯದಂತೆ ನಾಜಲ್ ಸಂಖ್ಯೆ ಬದಲಾಯಿಸಿದರೆ ಸಾಕು. ಎರಡನೆಯ ಸಾಲಿಗೆ ಹಾಗೆ ಮಾಡಬೇಕಾಯಿತು.

ಯಂತ್ರ ತಯಾರಾಗಿ ಟೆಸ್ಟ್ ಬೆಡ್ ಮೇಲೆ ಕೂತಿತು. ಪೂರ್ತಿ ಲೋಡ್ ಹಾಕಿ, ಬ್ರೇಕರ್ ತೆಗೆದು, ಒಂದೇ ಏಟಿಗೆ ಲೋಡ್ ಬೀಳಿಸುವ ಪರೀಕ್ಷೆ. ಹೊರೆ ಇಳಿದ ಕೂಡಲೇ ರೋಟರ್ ಓಡುತ್ತದೆ, ವೇಗ ಕಾಯುವ ಗವರ್ನರ್ ಹಿಡಿಯಬೇಕು. ನಿಯಮದ ಪ್ರಕಾರ ವೇಗ ನೂರಕ್ಕೆ 15ಕ್ಕಿಂತ ಜಾಸ್ತಿ ಏರುವ ಹಾಗೇ ಇಲ್ಲ. ವೇಗ ಮೀರಿದರೆ ಹಬೆಯನ್ನು ಪೂರ್ತಿ ಕಡಿದು ಯಂತ್ರ ನಿಲ್ಲಿಸುವ ಟ್ರಿಪ್ ನಾವು ಇಟ್ಟಿದ್ದು 10ಕ್ಕೆ. ಗವರ್ನರ್ ಅದರೊಳಗೇ ಹಿಡಿಯಬೇಕು, ಟ್ರಿಪ್ ಆಗಬಾರದು.

ಟ್ರಿಪ್ ಆಯಿತು. ಹಬೆಯ ವಾಲ್ವ್ ಧಡ್ ಅಂತ ಮುಚ್ಚಿಕೊಂಡಿತು. ಎರಡನೆಯ ಸಲವೂ ಅದೇ. ಗ್ರಾಫ್ ನೋಡಿದರೆ ಗವರ್ನರ್ ವಾಲ್ವ್ ಸರಿಯಾದ ಹೊತ್ತಿಗೆ ಮುಚ್ಚಿದೆ. ಆದರೂ ವೇಗ ಏರುತ್ತಲೇ ಇದೆ. ಎತ್ತರ ಉಳಿಸಲು ನಾವು ವಾಲ್ವನ್ನು ಪಕ್ಕದಲ್ಲಿಟ್ಟು, ಒಂದು ಮೀಟರಿಗಿಂತ ಉದ್ದದ ಪೈಪಿನಲ್ಲಿ ಹಬೆ ತಂದಿದ್ದೆವು. ವಾಲ್ವ್ ಮುಚ್ಚಿದ ಮೇಲೂ ಆ ಪೈಪಿನಲ್ಲಿ ಸಿಕ್ಕಿಕೊಂಡ ಹಬೆ ಹಿಗ್ಗಿ ರೋಟರನ್ನು ತಳ್ಳುತ್ತಿತ್ತು. ದೊಡ್ಡ ಟರ್ಬೈನಿನಲ್ಲಿ ಭಾರದ ರೋಟರ್ ಅದನ್ನು ನುಂಗಿಕೊಳ್ಳುತ್ತದೆ. ನಮ್ಮ ಹಗುರ ರೋಟರಿಗೆ ಅಷ್ಟೇ ಸಾಕಾಗಿತ್ತು. ಪೈಪ್ ಕಿತ್ತುಹಾಕಿ, ವಾಲ್ವ್ ಪೆಟ್ಟಿಗೆಯನ್ನು ಕೇಸಿಂಗ್ ನೆತ್ತಿಯ ಮೇಲೇ, ನಾಜಲ್‌ಗೆ ಅಂಟಿದ ಹಾಗೆ ಕೂರಿಸಿದೆವು. ಎರಕ ಹೊಸದಾಗಿ ಆಗಬೇಕಾಯಿತು. ಮೂರು ತಿಂಗಳು ಹೋಯಿತು. ಮುಂದಿನ ಪರೀಕ್ಷೆಯಲ್ಲಿ ವೇಗ ನೂರಕ್ಕೆ ಏಳರಷ್ಟು ಏರಿ ಮತ್ತೆ ಇಳಿದು ನಿಂತಿತು. ಅಣ್ಣ ನನ್ನ ಭುಜದ ಮೇಲೆ ಕೈಯಿಟ್ಟರು, ಅಷ್ಟೆ.

ಹಡಗಿನಲ್ಲಿ ಕೂರಿಸಿದ ಮೇಲೆ ಒಂದೇ ಒಂದು ತಕರಾರು ಬಂತು. ಹಡಗು ವೇಗ ತಗ್ಗಿಸಿದಾಗ ಹೊಗೆಯ ಬಿಸಿ ಇಳಿದು ಹಬೆ ಕಡಿಮೆಯಾಗುತ್ತದೆ. ಆಗ ಟರ್ಬೈನ್ ಕರೆಂಟ್ ಕೊಡುವ ಬದಲು ಎಳೆದುಕೊಳ್ಳಲು ಶುರು ಮಾಡಿ, ಕಾವಲಿನ ಸ್ವಿಚ್ ಆದ ರಿಲೇ ಅದನ್ನು ಹಡಗಿನ ಕರೆಂಟ್ ಜಾಲದಿಂದ ಹೊರಗೆ ಹಾಕುತ್ತಿತ್ತು. ಟರ್ಬೈನ್ ಹಬೆಯ ಒತ್ತಡ ನೋಡಿಕೊಂಡು ಎಷ್ಟು ಸಾಧ್ಯವೋ ಅಷ್ಟೇ ಕೊಡಲಿ, ಫ್ರೀಕ್ವೆನ್ಸಿ ಹಿಡಿಯುವ ಕೆಲಸ ಡೀಸೆಲ್ ಜನರೇಟರ್‌ಗೆ ಇರಲಿ ಎಂದು ಗವರ್ನರ್ ಸೆಟ್ಟಿಂಗ್ ಬದಲಾಯಿಸಿದೆವು. ಸರಿಹೋಯಿತು.

ಒಂದು ವರ್ಷದ ಮೇಲೆ ಹಡಗು ಪಣಂಬೂರಿನ ಬಂದರಿಗೆ ಬಂದಾಗ ರಾತ್ರಿ ಬಸ್ಸಿಗೆ ಹೋದೆ. ಅಣ್ಣನೂ ಬಂದರು, ಆ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಚೀಫ್ ನಮಗಾಗಿ ಒಂದು ಬೇರಿಂಗಿನ ಮುಚ್ಚಳ ಬಿಚ್ಚಿಸಿಟ್ಟಿದ್ದರು. ಇಬ್ಬರು ಸೇರಿ, ಚೈನ್ ಬ್ಲಾಕ್ ಹಾಕಿ, ನಲವತ್ತು ನಿಮಿಷದಲ್ಲಿ ಬಿಚ್ಚಿದ್ದಂತೆ. ಅಣ್ಣ ಟಾರ್ಚ್ ಹಿಡಿದು ಬಗ್ಗಿದರು. ವೈಟ್ ಮೆಟಲ್ ಮೇಲೆ ನಮ್ಮ ಕಾರ್ಖಾನೆಯ ಮೆಷಿನಿನ ಸಣ್ಣ ಗೆರೆಗಳು ಹಾಗೇ ಇದ್ದವು. ಅವರು ಹೆಬ್ಬೆರಳಿನಿಂದ ಒಂದು ಸಲ ಸವರಿ, ಬಟ್ಟೆಗೆ ಕೈ ಒರೆಸಿಕೊಂಡರು.

"ಎಲ್ಲ ಒಳ್ಳೇದುಂಟು. ಒಂದೇ ಒಂದು" ಎಂದು ಚೀಫ್ ನನ್ನನ್ನು ಕೆಳಗೆ ಕರೆದುಕೊಂಡು ಹೋದರು. ಎಣ್ಣೆ ಟ್ಯಾಂಕಿನ ತಳದ ನಲ್ಲಿ. ಅದರ ಹಿಡಿಕೆ ಪೂರ್ತಿ ತಿರುಗುವ ಮೊದಲೇ ಪಕ್ಕದ ಪೈಪಿಗೆ ತಾಗುತ್ತಿತ್ತು. ಸೀಮೆಸುಣ್ಣದ ಇಪ್ಪತ್ತನೆಯ ಗೆರೆ. ಅಳತೆ ತೆಗೆದುಕೊಂಡೆ, ಎರಡು ಬೆರಳು ಜಾಗ ಬೇಕು. ಎರಡನೆಯ ಯಂತ್ರದ ಡ್ರಾಯಿಂಗ್ ಆಗಲೇ ಶುರುವಾಗಿತ್ತು. ಬೆಂಗಳೂರಿಗೆ ಬಂದ ದಿನವೇ ಆ ನಲ್ಲಿಯನ್ನು ಹೊರಗಿನ ಪಕ್ಕಕ್ಕೆ ತಿರುಗಿಸಿದೆ.